ಅಪ್ಪನ ನೀರಿನ ಗುಳಿಗೆ

೧೧ ಜನವರಿ ೧೯೮೨, ಇಳಕಲ್ಲ

ಈ ನೋಟಬುಕ್ಕು ಹುನಗುಂದದ ದವಾಖಾನೆಯ ನರ್ಸಬಾಯಿ ಜೈನಬಿ ಕೊಟ್ಟದ್ದು. ಇದರಲ್ಲಿ ಅಪ್ಪನ ಕಾಲಿನ ಬಾವು ದಿನಾ ಬರೆದು ತಿಂಗಳಿಗೊಮ್ಮೆ ಆಕೆಗೆ ತೋರಿಸಬೇಕಂತೆ. ನಾನು ಅರ್ಧದಷ್ಟು ಹಾಳೆ ಕಿತ್ತು, ನೂಲಿನಿಂದ ಹೊಲಿದು, ಮೇಲೆ ಅಂದಪ್ಪ ಎಂದು ನನ್ನ ಹೆಸರು ಬರೆದು ನನ್ನದೊಂದು ಬೇರೆ ಮಾಡಿಕೊಂಡೆ. ಇದನ್ನು ಯಾರಿಗೂ ತೋರಿಸುವುದಿಲ್ಲ. ಏಳನೇ ಇಯತ್ತೆವರೆಗೆ ಕಲಿತದ್ದು ಇದಕ್ಕಾದರೂ ಬರಲಿ.

ನಾಲ್ಕು ತಿಂಗಳಲ್ಲಿ ಮೂರನೇ ಸಲ ಅಪ್ಪನನ್ನು ಹುನಗುಂದಕ್ಕೆ ಹೊತ್ತು ಒಯ್ದಿದ್ದೆ, ಇಂದು ಮೂರನೇ ಸಲ ಹೊತ್ತು ತಂದೆ. ಆತನ ಗುಂಡಿಗೆ ಸೋತಿದೆ. ರಕ್ತವನ್ನು ಪೂರಾ ತಳ್ಳಲು ಅದಕ್ಕೆ ಆಗುವುದಿಲ್ಲ. ನೀರು ಮೊದಲು ಕಾಲಿನಲ್ಲಿ ನಿಲ್ಲುತ್ತದೆ, ಆಮೇಲೆ ಎದೆಗೆ ಏರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ದವಾಖಾನೆಯವರು ಸೂಜಿ ಹಾಕಿ ನೀರು ಇಳಿಸಿ ಕಳಿಸುತ್ತಾರೆ, ಮನೆಗೆ ಬಂದು ತಿಂಗಳಾಗುವುದರೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಮೀಸೆ ಸರಿಯಾಗಿ ಮೂಡದ ಡಾಕ್ಟರು ಇಂದು ಎಲ್ಲರೆದುರು ನನ್ನನ್ನು ಬೈದ. ಉಪ್ಪು ಬಂದ್ ಮಾಡಿ ಎಂದು ಎರಡು ಸಲ ಹೇಳಿದ್ದೇನೆ, ಎಪ್ಪತ್ತರ ಮುದುಕನ ಗುಂಡಿಗೆ ಇನ್ನೆಷ್ಟು ಸಲ ತಡೆದೀತು, ಹೀಗೇ ತಿರುತಿರುಗಿ ತಂದರೆ ಒಂದು ಸಲ ಹೆಣ ಒಯ್ಯುತ್ತೀರಿ ಎಂದ.

ಮನೆಗೆ ಬಂದವನೇ ಶಾರವ್ವನಿಗೆ ಹೊಡೆದೆ. ನನ್ನ ಹೆಂಡತಿ, ಅಡುಗೆ ಮಾಡುವವಳು, ಉಪ್ಪಿನ ಗಡಿಗೆ ಅವಳ ಕೈಯಲ್ಲಿ. ತುಟಿ ಒಡೆಯಿತು. ಅಪ್ಪ ಹೊರಸಿನ ಮೇಲೆ ದಿಂಬಿಗೆ ಒರಗಿ ನೋಡುತ್ತಿದ್ದ. ಎರಡು ಮಾತಿಗೆ ಏದುಸಿರು ಬಿಡುವ ಮನುಷ್ಯ, "ಇನ್ನೊಂದು ಹಾಕಲೇ" ಎಂದ. ಹಾಕಿದೆ.

೧೨ ಜನವರಿ

ಜೈನಬಿ ಕಲಿಸಿದ ಕೆಲಸ ಶುರು ಮಾಡಿದೆ. ನೀರು ಇಳಿದ ದಿನ ಅಪ್ಪನ ಕಾಲಿನ ಹರಡಿನ ಸುತ್ತ ಅಳೆದು ಒಂದು ನೂಲು ಕತ್ತರಿಸಿ ಕೊಟ್ಟಿದ್ದಾಳೆ. ದಿನಾ ಮುಂಜಾನೆ ಆತ ಕಾಲು ಕೆಳಗಿಡುವ ಮೊದಲು ಅದನ್ನು ಸುತ್ತಬೇಕು. ಎರಡು ತುದಿ ಕೂಡಿದರೆ, ಮೈಯ ನೀರನ್ನು ಮೂತ್ರಕ್ಕೆ ಇಳಿಸುವ ನೀರಿನ ಗುಳಿಗೆ ಒಂದು. ಕೂಡದಿದ್ದರೆ ನೀರು ತುಂಬುತ್ತಿದೆ ಎಂದು ಅರ್ಥ, ಅವತ್ತೇ, ಆಗಿಂದಾಗಲೇ ಎರಡು. ಉಸಿರು ಕಟ್ಟಿದ ಮೇಲೆ ಲಾರಿ ಹುಡುಕುವುದಲ್ಲ. ದಿನಾ ಸಂಜೆ ಎದೆಯ ಗುಳಿಗೆ ಬೇರೆ, ಅದರ ಹೊತ್ತು ತಪ್ಪಬಾರದು. "ನೀವು ನೇಕಾರ್ರು. ನೂಲು ಎಷ್ಟು ಕಡಿಮಿ ಬಿತ್ತಂತ ನಿಮಗ ನಾ ಕಲಸಬೇಕೇನ್ರಿ?" ಎಂದಳು.

ಈ ಕಾಲನ್ನು ತೊಡೆಯ ಮೇಲಿಟ್ಟುಕೊಂಡರೆ ನನಗೆ ಮೈ ಉರಿಯುತ್ತದೆ. ಇದೇ ಕಾಲಿನಿಂದ ಆತ ನಮ್ಮವ್ವ ಸಂಗವ್ವನನ್ನು ಒದ್ದ. ನನಗೆ ಆಗ ಒಂಬತ್ತು ವರ್ಷ, ಮೂಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅವ್ವ ಮಗ್ಗದ ಕುಣಿಯೊಳಗೆ ಬಿದ್ದಳು, ತಲೆ ಕಲ್ಲಿಗೆ ಬಡಿಯಿತು, ಮೂರನೇ ದಿನ ಸತ್ತಳು. ಜಾರಿ ಬಿದ್ದಳು ಎಂದು ಓಣಿಗೆಲ್ಲ ಹೇಳಿದ. ಕಂಡದ್ದನ್ನು ನಾನು ಬಾಯಿಬಿಟ್ಟಾಗ ಲಾಳಿ ತೆಗೆದುಕೊಂಡು ಕಿವಿಗೆ ಬಾರಿಸಿದ. ಎಡಗಿವಿ ಅಂದಿನಿಂದ ಕೇಳುವುದಿಲ್ಲ.

ಇಂದು ನೂಲನ್ನು ಬೇಕೆಂದೇ ಬಿಗಿಯಾಗಿ ಎಳೆದೆ. ಅವ್ವ ಜಾರಿದ್ದಳೇನು ಎಂದು ಕೇಳಿದೆ. ಜಾರಿದ್ದಳು ಎಂದ. "ಅಕಿನ್ನ ನಾನೇ ಒದ್ದೆ ಅನ್ನೂತನಕ ನಿನ್ನ ಸಾಯಾಕ ಬಿಡಂಗಿಲ್ಲ," ಎಂದೆ. "ಅಂದ ದಿನ ನಿನ್ನ ಗುಳಿಗಿ ಬಂದ್." ಅಮಾತೆಪ್ಪ ಎಂಬ ಈ ಮನುಷ್ಯ ನಕ್ಕ. ಹಂಗಾದರೆ ನೂರು ವರ್ಷ ಬದುಕುತ್ತೇನೆ ಎಂದ.

ಬದುಕಲಿ. ಆ ಒಂದು ಮಾತಿಗಾಗಿ ಆತನನ್ನು ಉಳಿಸುತ್ತೇನೆ, ಬೇರೆ ಯಾವುದಕ್ಕೂ ಅಲ್ಲ.

೧೯ ಜನವರಿ

ಉಪ್ಪಿನ ಗಡಿಗೆಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿಕೈ ನನ್ನ ಉಡದಾರದಲ್ಲಿದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿ ಎಲ್ಲವನ್ನೂ ತಿಪ್ಪೆಗೆ ಸುರಿದು ಬಂದೆ. ಮೂವರಿಗೂ ಸಪ್ಪನೆ ಊಟ. ಅಪ್ಪ ಒಂದು ತುತ್ತು ಬಾಯಿಗಿಟ್ಟು ತಾಟನ್ನು ಶಾರವ್ವನ ಮುಖಕ್ಕೆ ಬೀಸಿದ. ಹಣೆ ಸೀಳಿತು. ಅಷ್ಟು ಹತ್ತಿರ ಯಾಕೆ ನಿಂತಿದ್ದೆ ಎಂದು ನಾನು ಅವಳಿಗೇ ಬೈದೆ. ಅವಳು ಹಣೆಗೆ ಅರಿಶಿಣ ಒತ್ತಿಕೊಂಡು ನೆಲದ ಬೇಳೆ ಬಳಿದಳು.

ಸಪ್ಪನೆ ತಿಂದರೆ ಹೊಟ್ಟೆ ಉಬ್ಬುತ್ತದೆ, ಅಂಗಡಿಯಿಂದ ಸೋಡಾ ಪುಡಿ ತಂದು ಕೊಡು ಎಂದು ಅಪ್ಪನ ಗದ್ದಲ. ತಂದು ಕೊಟ್ಟೆ. ಊಟವಾದ ಮೇಲೆ ಒಂದು ಚಮಚ ನೀರಿನಲ್ಲಿ ಕದಡಿ ಕುಡಿದು ಎರಡು ಸಲ ತೇಗಿದರೆ ಸುಮ್ಮನಾಗುತ್ತಾನೆ, ನಾನು ಮಗ್ಗಕ್ಕೆ ಕೂಡಬಹುದು. ಇಂದು ನೂಲು ಕೂಡಿತು.

೨೭ ಜನವರಿ, ಹುನಗುಂದ

ದವಾಖಾನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಮುಂಜಾನೆ ನೂಲು ಒಂದು ಬೆರಳಗಲ ಕಡಿಮೆ ಬಿತ್ತು. ಕೀಲಿಕೈ ನನ್ನ ಸೊಂಟದಲ್ಲಿ, ಕಾಲು ಮಾತ್ರ ಬಾತಿದೆ. ನನ್ನ ಕಣ್ಣು ತಪ್ಪಿಸಿ ಯಾರಾದರೂ ಉಪ್ಪು ಹಾಕಿದ್ದರೆ ಅದು ಅವಳೇ, ಓಣಿಯಲ್ಲಿ ಕೇಳಿ ತಂದಿದ್ದಾಳೆ ಎಂದುಕೊಂಡೆ. ಪಿತ್ತ ನೆತ್ತಿಗೇರಿತು. ಮಗ್ಗದ ಬದಿಗಿದ್ದ ಕೋಲು ಕೈಗೆ ಬಂತು. ಹಾಕಿಲ್ಲರಿ, ಹಾಕಿಲ್ಲರಿ ಎನ್ನುತ್ತಲೇ ಇದ್ದಳು. ತಲೆಗೆ ಬೀಳುವುದನ್ನು ಬಲಗೈ ಅಡ್ಡ ತಂದು ತಡೆದಳು. ಬೆರಳು ಮುರಿದದ್ದು ನನಗೆ ಕೇಳಿಸಿತು. ಆಮೇಲೆ ಅಡುಗೆಮನೆಯ ಗಡಿಗೆ, ಡಬ್ಬಿ ಒಂದೊಂದನ್ನೇ ಒಡೆದು ಉಪ್ಪು ಹುಡುಕಿದೆ. ಒಂದು ಹರಳೂ ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು, ಒಲೆಯನ್ನೂ ಒದ್ದೆ.

ಮಧ್ಯಾಹ್ನ ಮೂರಕ್ಕೆ ಅಪ್ಪ ಎದ್ದು ಕುಳಿತು ಗಾಳಿಗಾಗಿ ಬಾಯಿ ಬಿಡತೊಡಗಿದ. ತುಟಿ ನೀಲಿ, ಬಾಯಲ್ಲಿ ನೊರೆ. ರಸ್ತೆಗೆ ಓಡಿ ಗಣಿಯ ಕಲ್ಲಿನ ಲಾರಿ ತಡೆದೆ. ಡ್ರೈವರ ಒಲ್ಲೆ ಎಂದ. ಅಂಗಿ ಹಿಡಿದು ಕೆಳಗೆಳೆದು ಎರಡು ಬಿಟ್ಟೆ, ಒಪ್ಪಿದ.

ನಾಲ್ಕನೇ ಸಲ. ಡಾಕ್ಟರು ಈ ಸಲ ಬೈಯಲೂ ಇಲ್ಲ. ಸುಮ್ಮನೆ ಸೂಜಿ ಹಾಕಿ ಹೋದ. ಅದು ನನಗೆ ಹೆಚ್ಚು ಹೆದರಿಕೆ ತಂದಿತು.

೩೦ ಜನವರಿ, ಹುನಗುಂದ

ಅಪ್ಪ ಉಳಿದ. ಇನ್ನೊಂದು ಸಲ ಹೀಗಾದರೆ ಇಲ್ಲಿಯವರೆಗೆ ತರುವ ಶ್ರಮ ತೆಗೆದುಕೊಳ್ಳಬೇಡಿ, ದಾರಿಯಲ್ಲೇ ಮುಗಿಯುತ್ತದೆ ಎಂದು ಡಾಕ್ಟರು ಹೇಳಿದ.

ಜೈನಬಿ ನನ್ನನ್ನು ಬಾಕಿನ ಮೇಲೆ ಕೂರಿಸಿ ನೋಟಬುಕ್ಕು ತೆರೆದಳು. "ಇಪ್ಪತ್ತೇಳಕ್ಕ ಮುಂಜಾನಿ ನೂಲು ಕೂಡಿಲ್ಲಂತ ಬರದೀರಿ. ಎರಡನೇ ಗುಳಿಗಿ ಎಷ್ಟೊತ್ತಿಗೆ ಕೊಟ್ಟ್ರಿ?"

ಕೊಟ್ಟಿರಲಿಲ್ಲ. ಮೊದಲನೆಯದನ್ನೂ ಕೊಟ್ಟಿರಲಿಲ್ಲ. ಮುಂಜಾನೆಯಿಂದ ಮೂರು ಗಂಟೆಯವರೆಗೆ ಏನು ಮಾಡಿದಿರಿ ಎಂದು ಕೇಳಿದಳು. ನನ್ನ ಕೈಯ ಗೆಣ್ಣು ಸುಲಿದದ್ದನ್ನು ನೋಡಿದಳು, ಮತ್ತೆ ಕೇಳಲಿಲ್ಲ. ಹಾಗೆ ನೋಡಿದ್ದಕ್ಕೆ ಆಕೆಯ ಮೇಲೂ ನನಗೆ ಸಿಟ್ಟು ಬಂತು.

ಆಮೇಲೆ ಅಪ್ಪ ತಿಂದದ್ದು, ಕುಡಿದದ್ದು ಒಂದೊಂದನ್ನೇ ಕೇಳುತ್ತ ಹೋದಳು. ಮೊದಲ ಸಲವೂ ಕೇಳಿದ್ದಳಂತೆ, ನಾನು ಉಪ್ಪಿನ ಗಡಿಗೆ ಹೆಂಡತಿಯ ಕೈಯಲ್ಲಿದೆ ಎಂದಷ್ಟೇ ಹೇಳಿ ಎದ್ದು ಹೋಗಿದ್ದೆನಂತೆ. ಬೇಳೆ ಹೇಗೆ ಬೇಯಿಸುತ್ತೀರಿ ಎಂದಳು. ಇಳಕಲ್ಲಿನ ನಮ್ಮ ಬಾವಿಯ ನೀರು ಗಡಸು, ಸೋಡಾ ಹಾಕದಿದ್ದರೆ ಬೇಳೆ ಮೆತ್ತಗಾಗುವುದೇ ಇಲ್ಲ, ಎಲ್ಲರ ಮನೆಯಲ್ಲೂ ಹಾಕುತ್ತಾರೆ ಎಂದೆ. ಅಪ್ಪ ಊಟದ ಮೇಲೆ ಚಮಚಗಟ್ಟಲೆ ಕುಡಿಯುವುದನ್ನೂ ಹೇಳಿದೆ. ಆಕೆ ಹಣೆ ಒತ್ತಿಕೊಂಡಳು.

"ಸೋಡಾನೂ ಉಪ್ಪಿನ ಕುಲದ್ದ, ಅಂದಪ್ಪ. ಅದೂ ಮೈಯಾಗ ನೀರು ಹಿಡದು ಕೂಡ್ತದ. ಉಪ್ಪು ಕೀಲಿಯಾಗಿಟ್ಟು ಸೋಡಾ ಕುಡಿಸೀರಿ. ಅದನ್ನ ತಂದು ಕೊಡವ್ರು ಯಾರು?"

ನಾನು. ಒಂದು ವಾರದಲ್ಲಿ ಮೂರು ಪುಡಿಕೆ ತಂದಿದ್ದೆ.

೪ ಫೆಬ್ರುವರಿ

ಅಪ್ಪನನ್ನು ತಂದೆ. ಮನೆಗೆ ಚಿಲಕ ಹಾಕಿತ್ತು. ಶಾರವ್ವ ಶಿರೂರಿಗೆ, ತನ್ನ ಅಣ್ಣ ಗಾಳೆಪ್ಪನ ಮನೆಗೆ ಹೋಗಿದ್ದಾಳೆ. ಒಡೆದ ಗಡಿಗೆಗಳ ಬೋಕಿಯನ್ನು ಗುಡಿಸಿ ಮೂಲೆಯಲ್ಲಿ ಕೂಡಿಹಾಕಿದ್ದಳು. ಮುರಿದ ಕೈಯಿಂದ ಹೇಗೆ ಗುಡಿಸಿದಳೋ.

ಅಪ್ಪನ ದಿಂಬಿನ ಕೆಳಗಿನ ಸೋಡಾ ಪುಡಿಕೆ ತೆಗೆದು ಬಚ್ಚಲಿಗೆ ಎಸೆದೆ. ಆತ ಬಡಿಗೆಯಿಂದ ನನ್ನ ಬೆನ್ನಿಗೆ ಹೊಡೆದ. ಹೊಟ್ಟೆ ಉಬ್ಬಿ ಸಾಯಲೇನು, ಹೆಂಡತಿ ಓಡಿಹೋದ ಸಿಟ್ಟು ನನ್ನ ಮೇಲೆ ತೀರಿಸುತ್ತೀಯಾ, ಷಂಡ ಎಂದ. ನಾನು ಆತನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದೆ. ಒತ್ತಿಯೇ ಒತ್ತಿದೆ. ಈಗ ಅನ್ನು, ಯಾರು ಒದ್ದದ್ದು ಅನ್ನು ಎಂದೆ. ಆತನ ಕಣ್ಣು ಮೇಲಾದವು, ಆದರೂ ಬಾಯಿ ಬಿಡಲಿಲ್ಲ.

ನನ್ನ ಹೆಬ್ಬೆರಳ ಪಕ್ಕದಲ್ಲಿ ಕುತ್ತಿಗೆಯ ನರ ಉಬ್ಬಿ ನಿಂತದ್ದು ಕಂಡಿತು. ಕೈ ತೆಗೆದ ಮೇಲೂ ಅದು ಇಳಿಯಲಿಲ್ಲ. ಕುಳಿತಾಗಲೂ ಆ ನರ ಉಬ್ಬಿದ್ದರೆ ಕಾಲು ನೋಡುವ ಮೊದಲೇ ಗುಳಿಗೆ ಕೊಡಿ ಎಂದು ಜೈನಬಿ ಹೇಳಿದ್ದಳು. ಎರಡು ಕೊಟ್ಟೆ. ಕೆಮ್ಮುತ್ತಲೇ ನುಂಗಿದ.

೬ ಫೆಬ್ರುವರಿ

ಕೂಡಿತು. ಬೈದ.

೭ ಫೆಬ್ರುವರಿ

ಕೂಡಿತು. ಬೈದ. ರೊಟ್ಟಿ ಬಡಿಯಲು ಹೋಗಿ ನನ್ನ ಅಂಗೈ ಸುಟ್ಟಿತು, ಹೆಂಚನ್ನು ಅಂಗಳಕ್ಕೆ ಎಸೆದೆ, ಮತ್ತೆ ಹೋಗಿ ತಂದೆ.

೧೬ ಫೆಬ್ರುವರಿ

ಊರ ಹೊರಗಿನ ತೋಟದ ಬಾವಿಯ ನೀರು ಸಿಹಿ. ಅದರಲ್ಲಿ ಬೇಳೆ ಸೋಡಾ ಇಲ್ಲದೆಯೂ ಬೇಯುತ್ತದೆ. ದಿನಾ ಎರಡು ಕೊಡ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದೇನೆ. ಹುಣಸೆಹಣ್ಣು, ಬಳ್ಳೊಳ್ಳಿ, ಹಸಿ ಖಾರ ಜಾಸ್ತಿ ಹಾಕಿದರೆ ಉಪ್ಪಿಲ್ಲದ್ದು ಅಷ್ಟು ಗೊತ್ತಾಗುವುದಿಲ್ಲ. ಅಪ್ಪ ಇದು ಕತ್ತೆಯ ಉಚ್ಚೆ ಎಂದು ಹೇಳಿ ಎರಡು ಸಲ ಹಾಕಿಸಿಕೊಂಡ. ತೋಟದ ಆಳು ನೀರು ಮುಟ್ಟಬೇಡ ಎಂದು ಅಡ್ಡ ಬಂದಿದ್ದ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು, ಆದರೆ ಕೊಡ ತುಳುಕುತ್ತಿದ್ದವು. ಅಪ್ಪನ ಸಂಗತಿ ಹೇಳಿದೆ. ಬಿಟ್ಟ.

ಮಗ್ಗದಲ್ಲಿ ಅರ್ಧ ಸೀರೆ ನಿಂತಿದೆ. ಕಂಡಿಕೆ ಸುತ್ತುವವರಿಲ್ಲ. ನಾನೇ ಸುತ್ತುತ್ತೇನೆ, ನಾನೇ ನೇಯುತ್ತೇನೆ. ಶಾರವ್ವ ದಿನಕ್ಕೆ ಎಷ್ಟು ಸುತ್ತುತ್ತಿದ್ದಳು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

೨ ಮಾರ್ಚ್

ಹುನಗುಂದಕ್ಕೆ ಹೋಗಿ ಜೈನಬಿಗೆ ನೋಟಬುಕ್ಕು ತೋರಿಸಿದೆ. ನಾಲ್ಕು ಸಲ ನೂಲು ಕಡಿಮೆ ಬಿದ್ದಿತ್ತು, ನಾಲ್ಕೂ ಸಲ ಎರಡನೇ ಗುಳಿಗೆ ಕೊಟ್ಟಿದ್ದೆ, ನಾಲ್ಕೂ ಸಲ ಮರುದಿನವೇ ಕೂಡಿತು. ಲಾರಿ ಹುಡುಕಲಿಲ್ಲ. ಡಾಕ್ಟರನನ್ನು ಕರೆದು ಆಕೆ ತೋರಿಸಿದಳು. ಆತ ಬೇರೆ ಮುದುಕರ ಮನೆಯವರನ್ನೂ ಕರೆದು ನನ್ನ ನೂಲು ನೋಡಲು ಹೇಳಿದ. ನನಗೆ ನಾಚಿಕೆಯಾಯಿತು.

ಹೊರಡುವಾಗ ಜೈನಬಿ, "ಸೋಡಾದ ಮಾತು ಹೆಂಡತಿಗೆ ಹೇಳೀರೇನು?" ಎಂದಳು. ಅವಳು ಊರಲ್ಲಿಲ್ಲ ಎಂದೆ. ಶಿರೂರಿಗೆ ಬಸ್ಸು ಇಲ್ಲವೇನು ಎಂದಳು. ಗಂಡಸಿನ ಮನೆಯ ಮಾತಿನಲ್ಲಿ ಈಕೆಗೇನು ಕೆಲಸ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ರೊಟ್ಟಿ ಮುರಿದು ಕೊಡುವಾಗ ಅಪ್ಪನಿಗೆ ಮತ್ತೆ ಅದೇ ಕೇಳಿದೆ, ಅವ್ವ ಜಾರಿದ್ದಳೇನು ಎಂದು. ಆತ ಬಹಳ ಹೊತ್ತು ಅಗಿದ. "ಮೊನ್ನಿ ನೀ ಮುರದ ಹೆಂಡತಿ ಕೈದ್ದು ಹೋಗಿ ಹೇಳಾಕ ನಿನಗ ಆಗವಲ್ದು. ನನಗ ಮೂವತ್ತು ವರ್ಷದ ಮಾತು ಕೇಳ್ತೀಯಲ್ಲ, ಯಾವ ಬಾಯಿಲೆ ಕೇಳ್ತಿ?"

ತಾಟು ಎತ್ತಿ ಎಸೆಯಬೇಕು ಅನ್ನಿಸಿತು. ಆತ ಇನ್ನೂ ಉಣ್ಣುತ್ತಿದ್ದ.

೭ ಮಾರ್ಚ್

ಓಣಿಯ ಲಾಡಬಿಯನ್ನು ಅಪ್ಪನ ಹತ್ತಿರ ಕೂರಿಸಿ ಶಿರೂರಿನ ಮೇಲೆ ಹೋಗುವ ಬಾಗಲಕೋಟೆ ಬಸ್ಸು ಹತ್ತಿದೆ. ಶಾರವ್ವನನ್ನು ಜುಟ್ಟು ಹಿಡಿದಾದರೂ ಕರೆತರಬೇಕು, ಸೋಡಾದ ಮಾತು ಆಮೇಲೆ ಮನೆಯಲ್ಲಿ ನೋಡಿದರಾಯಿತು ಎಂದುಕೊಂಡೇ ಹೋದದ್ದು.

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಮೊರವನ್ನು ಎಡಗೈಯಿಂದಲೇ ಕೇರುತ್ತಿದ್ದಳು. ಅದನ್ನು ನೋಡಿದ ಮೇಲೆ ಎಲ್ಲ ಮರೆತು ಒಂದೇ ಉಸಿರಿಗೆ ಹೇಳಿದೆ. "ಉಪ್ಪು ನೀ ಹಾಕಿದ್ದಿಲ್ಲ. ಸೋಡಾಲೆ ಬಾತಿತ್ತು. ತಂದು ಕೊಟ್ಟಾಂವ ನಾನು."

ಅವಳು ಮೊರ ಕೆಳಗಿಟ್ಟಳು. "ಹಾಕಿಲ್ಲಂತ ನಾ ಅವತ್ತೇ ಹೇಳಿದ್ದೆನಲ್ಲರಿ" ಎಂದಳು.

ಅಷ್ಟರಲ್ಲಿ ಗಾಳೆಪ್ಪ ಬಾರುಕೋಲು ಹಿಡಿದು ಬಂದ. ಮೊದಲನೆಯದು ಭುಜಕ್ಕೆ ಬಿತ್ತು, ಎರಡನೆಯದು ತಲೆಗೆ. ರಕ್ತ ಕಣ್ಣಿಗೆ ಇಳಿಯಿತು. ಗಾಳೆಪ್ಪ ನನಗಿಂತ ಗಿಡ್ಡ, ಒಂದು ಕೈಯಲ್ಲಿ ಎತ್ತಿ ಒಗೆಯಬಲ್ಲೆ. ಆದರೆ ಬಸ್ಸಿನ ಹೊತ್ತಾಗಿತ್ತು, ಜಗಳಕ್ಕೆ ನಿಂತರೆ ಅಪ್ಪನ ಎದೆಯ ಗುಳಿಗೆಯ ಹೊತ್ತು ತಪ್ಪುತ್ತಿತ್ತು. ಅವನು ಹೊಡೆದು ದಣಿಯುವವರೆಗೆ ನಿಂತೆ.

ಹೊರಟಾಗ ಶಾರವ್ವ ಬಾಗಿಲವರೆಗೆ ಬಂದು ಮಾವ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾನೆ, ಬೈಯುತ್ತಾನೆ ಎಂದೆ. ಬರುತ್ತೀಯಾ ಎಂದೆ. "ಮಾವ ಸತ್ತ ಮ್ಯಾಲ ಬರ್ತಾಳಂತ ತಿ‍ಳೀಬ್ಯಾಡ್ರಿ," ಎಂದಳು. "ನಿಮ್ಮ ಕೈ ಸತ್ತ ಮ್ಯಾಲ ಬರ್ತೇನಿ." ಬಸ್ಸಿನಲ್ಲಿ ಎಲ್ಲರೂ ನನ್ನ ಅಂಗಿಯ ರಕ್ತ ನೋಡುತ್ತಿದ್ದರು.

ತಲೆ ಯಾರು ಒಡೆದರು ಎಂದು ಅಪ್ಪ ಕೇಳಿದ. ಎಲ್ಲ ಹೇಳಿದೆ, ಅವಳೆದುರು ನಾನು ಆಡಿದ ಮಾತನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ, ಗೋಡೆಗೆ ಮುಖ ಮಾಡಿ ಮಲಗಿದ. ಈಗ ಒಂದೇ ದಿಂಬಿನ ಮೇಲೆ ಮಲಗುತ್ತಾನೆ, ಉಸಿರು ಕಟ್ಟುವುದಿಲ್ಲ.

೧೮ ಮಾರ್ಚ್

ಹನ್ನೊಂದು ದಿನ ಏನೂ ಬರೆಯಲಿಲ್ಲ. ಅಪ್ಪ ಈ ದಿನಗಳಲ್ಲಿ ಬೈಯುವುದನ್ನೂ ಕಡಿಮೆ ಮಾಡಿದ್ದ. ನನಗೆ ಅದೇ ಚಿಂತೆಯಾಗಿ ದಿನಕ್ಕೆ ಮೂರು ಸಲ ನೂಲು ಹಾಕಿ ನೋಡುತ್ತಿದ್ದೆ.

ಇಂದು ಮಧ್ಯಾಹ್ನ ನಾನು ಏನೂ ಕೇಳಿರಲಿಲ್ಲ. ಸೀರೆಯ ಸೆರಗು ಮುಗಿಯಲು ಬಂದಿತ್ತು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದೆ. ಆತ ಹೊರಸಿನಿಂದಲೇ ಮಾತಾಡಿದ.

"ಸಂಗವ್ವ ಜಾರಿಲ್ಲ. ನಾನೇ ಒದ್ದೆ. ರೊಟ್ಟಿ ತಡಾ ಮಾಡಿದಳಂತ ಒದ್ದೆ."

ಲಾಳಿ ನನ್ನ ಕೈಯಲ್ಲೇ ನಿಂತಿತು. ಆತ ಉಸಿರು ತೆಗೆದುಕೊಂಡು ಮತ್ತೆ ಹೇಳಿದ. "ಮೂರು ದಿನಾ ಇದ್ದಳು. ದವಾಖಾನಿಗೆ ಒಯ್ಯಲಿಲ್ಲ. ಒಯ್ದರ ಬಾಯಿ ಬಿಡ್ತಾಳಂತ ಒಯ್ಯಲಿಲ್ಲ."

ಯಾಕೆ ಒಯ್ಯಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಆತ ಒದ್ದದ್ದನ್ನಷ್ಟೇ ನಾನು ಕೇಳುತ್ತಿದ್ದೆ. ಎದ್ದು ಹೋಗಿ ಆತನ ಎದುರು ನಿಂತೆ, ಎರಡೂ ಮುಷ್ಟಿ ಬಿಗಿದಿದ್ದವು. ಆತ ಕೈ ಅಡ್ಡ ತರಲಿಲ್ಲ. ಔಷಧದ ಡಬ್ಬಿಯನ್ನು ನನ್ನ ಕಡೆ ದೂಡಿದ. "ಮಾತು ಆತಲ್ಲ. ಇನ್ನ ಇದನ್ನ ನೀ ಇಟಗೋ" ಎಂದ.

ಡಬ್ಬಿ ತೆಗೆದುಕೊಂಡೆ. ಒಪ್ಪಿಕೊಂಡ ದಿನ ಗುಳಿಗೆ ಬಂದ್, ಹಾಗೆಂದೇ ಮಾತಾಗಿತ್ತು. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಅವ್ವ, ಅವ್ವ ಎಂದು ಅತ್ತೆ. ಸಂಜೆಯ ಎದೆಯ ಗುಳಿಗೆ ಕೊಡಲಿಲ್ಲ.

೧೯ ಮಾರ್ಚ್

ಮುಂಜಾನೆ ನೂಲು ಅರ್ಧ ಬೆರಳು ಕಡಿಮೆ ಬಿತ್ತು.

ಎರಡು ಗುಳಿಗೆ ತೆಗೆದು ಬಾಯಿಗೆ ಹಿಡಿದೆ. ಅಪ್ಪ ಹಲ್ಲು ಕಚ್ಚಿ ಮುಖ ತಿರುವಿದ. ನುಂಗು ಎಂದೆ. "ಕೊಟ್ಟ ಮಾತಿಗೆ ತಪ್ಪಬ್ಯಾಡಲೇ" ಎಂದ. ಹೇಳಲು ಬಾಯಿ ತೆರೆದಾಗ ಒಂದು ಗುಳಿಗೆ ಒಳಗೆ ನೂಕಿದೆ, ನನ್ನ ಮುಖಕ್ಕೆ ಉಗುಳಿದ.

ಆಗ ಹೊರಸು ಹತ್ತಿ ಆತನ ತೋಳುಗಳನ್ನು ನನ್ನ ಮೊಣಕಾಲ ಕೆಳಗೆ ಒತ್ತಿ ಹಿಡಿದೆ. ದವಡೆ ಹಿಡಿದು ಬೆರಳು ತೂರಿಸಿದೆ. ಆತ ಕಚ್ಚಿದ. ಎಲುಬಿಗೆ ಹಲ್ಲು ತಾಗುವಂತೆ ಕಚ್ಚಿದ, ರಕ್ತ ಆತನ ಗದ್ದಕ್ಕೆ ಇಳಿಯಿತು, ನಾನು ಬೆರಳು ತೆಗೆಯಲಿಲ್ಲ. ಎರಡೂ ಗುಳಿಗೆಗಳನ್ನು ನಾಲಿಗೆಯ ಬುಡಕ್ಕೆ ನೂಕಿ, ನೀರು ಸುರಿದು, ಬಾಯಿ ಮುಚ್ಚಿ ಹಿಡಿದೆ. ಒದ್ದಾಡಿದ, ಕಾಲಿನಿಂದ ನನ್ನ ಬೆನ್ನಿಗೆ ಒದ್ದ. ಗಂಟಲು ಒಂದು ಸಲ ಮೇಲೆದ್ದು ಕೆಳಗಿಳಿಯುವವರೆಗೆ ಕೈ ಬಿಡಲಿಲ್ಲ. ಬಿಟ್ಟ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಕುಳಿತೆವು.

ಸಾಯಾಕ ಬಿಡಂಗಿಲ್ಲೇನು ನನ್ನ, ಎಂದು ಕೇಳಿದ. ಇಲ್ಲ ಎಂದೆ.

ಬೆರಳಿಗೆ ಅರಿವೆ ಸುತ್ತಿಕೊಂಡು ನೀರು ತರಲು ಹೋಗಿ ಬಂದೆ. ಮಧ್ಯಾಹ್ನದೊಳಗೆ ನಾಲ್ಕು ಸಲ ಮೂತ್ರಕ್ಕೆ ಹೋದ. ನಾಲ್ಕು ಸಲವೂ ನಾನೇ ಹೆಗಲು ಕೊಟ್ಟು ಕರೆದೊಯ್ದೆ. ಕೊನೆಯ ಸಲ ಆತ ನನ್ನ ತಲೆಯ ಗಾಯ ನೋಡಿ ಇನ್ನೂ ಒಣಗಿಲ್ಲ ಎಂದ.